ಹಗ್ಗದ ತೂತು

ದಂಡಿನ ಗುಡಿ ಎಂದೇ ಅನ್ನುತ್ತಿದ್ದ ನಮ್ಮಜ್ಜ.
ಚರ್ಚು ಎಂಬ ಮಾತು ಅವನ ನಾಲಗೆಗೆ ಹತ್ತಲೇ ಇಲ್ಲ.
ಬಳ್ಳಾರಿ ಕಂಟೋನ್ಮೆಂಟಿನ ಬೇವಿನ ಸಾಲು ಮುಗಿಯುವಲ್ಲಿ
ಕಲ್ಲಿನ ಗೋಡೆ, ಸುಣ್ಣದ ಗಾರೆ,
ಮೊನೆ ಮುರಿದ ಗೋಪುರ. ಸಿಡಿಲಿಗೆ ಎನ್ನುವವರುಂಟು,
ಮಂಗಗಳ ಕೆಲಸ ಎನ್ನುವವರೂ.

ಪಕ್ಕದ ಗೋಡೆಯಲ್ಲಿ, ಆಳೆತ್ತರಕ್ಕೆ,
ಮುಷ್ಟಿ ತೂರುವಷ್ಟು ಒಂದು ತೂತು.
ಒಳಗಿಂದ ನೋಡಿದರೆ ಬೆಳಕಿನ ಚೂರು,
ಹೊರಗಿಂದ ನೋಡಿದರೆ ಕತ್ತಲಿನದು.

ಅದರಲ್ಲಿ ಹಾಯುತ್ತಿತ್ತು ಹಗ್ಗ.
ಆಚೆ ತುದಿಗೆ ತೊಲೆಯಿಂದ ಇಳಿಬಿಟ್ಟ ಪಂಕಾ,
ಅದರಡಿ ಕೆಂಪಗೆ ಬೆವರುವ ಸೋಲ್ಜರುಗಳು.
ಈಚೆ ತುದಿಗೆ, ವರಾಂಡದ ಕಲ್ಲಿನ ಮೇಲೆ
ನಮ್ಮಜ್ಜ ಹುಲುಗಪ್ಪ, ಹದಿನಾಲ್ಕರ ಹುಡುಗ,
ಎಡಗಾಲ ಹೆಬ್ಬೆರಳಿಗೆ ಹಗ್ಗ ಸುತ್ತಿಕೊಂಡು.
ಒಳಗಿನವರಿಗೆ ಗಾಳಿ. ಬೀಸುವವನಿಗೆ ಬಿಸಿಲು.
ತೂಕಡಿಸಿದರೆ ಒಳಗಿಂದೊಂದು ಕೆಮ್ಮು,
ಅದಕ್ಕೂ ಏಳದಿದ್ದರೆ ಬೂಟು.

ತೂತಿನಿಂದ ಹಾಡೂ ಸೋರುತ್ತಿತ್ತು.
ಅಜ್ಜ ಕಲಿತ, ಒಂದು ಪದವೂ ತಿಳಿಯದೆ.
ಕರು ಹಾಕಲು ತಿಣುಕುವ ಎಮ್ಮೆಯ ಬೆನ್ನು ಸವರುತ್ತ
ಅದನ್ನೇ ಗುನುಗುತ್ತಿದ್ದ.
"ಹುಲುಗಪ್ಪನ ಎಮ್ಮಿಗೆ ಇಂಗ್ಲಿಷ್ ಬರ್ತೈತಿ"
ಅಂತ ಓಣಿಯೆಲ್ಲ ನಗು.

ಅಪ್ಪ ಆ ಬಾಗಿಲು ದಾಟಿದ್ದು ಅಜ್ಜನ ತಲೆ ನೆರೆತ ಮೇಲೆ,
ಆಸ್ಪತ್ರೆಯ ದಾದಿ ದೇವಕೃಪೆಯ ಕೈ ಹಿಡಿಯಲು.
ಅಜ್ಜ ಮದುವೆಗೆ ಬಂದ. ಹೊಸ ರುಮಾಲು ಸುತ್ತಿ ಬಂದ.
ಒಳಗೆ ಬರಲಿಲ್ಲ. ತನ್ನ ಕಲ್ಲಿನ ಮೇಲೆ ಕೂತ.
ಅಷ್ಟೊತ್ತಿಗೆ ಫ್ಯಾನು ಬಂದಿತ್ತು, ಹಗ್ಗ ಹೋಗಿತ್ತು,
ಆದರೂ ಎಡಗಾಲು ಆಡುತ್ತಿತ್ತಂತೆ,
ಹೊರಗೆ ಬಂದ ಮದುಮಗಳು, ನಮ್ಮವ್ವ, ಕಂಡಿದ್ದಾಳೆ.

ಊರಲ್ಲಿ ಇದೊಂದೇ ಅಲ್ಲ.
ಮೇರಿಮಾತೆಯ ಮುಂದೆ ತಮಿಳಿನಲ್ಲಿ ಮಣಿ ಎಣಿಸುವ ದೊಡ್ಡದಿದೆ,
ರೈಲುಹಳಿಯಾಚೆ ತೆಲುಗಿನಲ್ಲಿ ಅಳುವ ತಗಡಿನದಿದೆ,
ಜೀನ್ಸ್ ಹೊಲಿಯುವ ಮಾಳಿಗೆಯಲ್ಲೂ ಒಂದು.
ಭಾನುವಾರ ಮಿಷಿನ್ನುಗಳನ್ನು ಗೋಡೆಗೊತ್ತಿ
ನಡುವೆ ಮಂಡಿಯೂರುತ್ತಾರೆ,
ಏಳುವಾಗ ಮಂಡಿಗೆಲ್ಲ ನೀಲಿ.

ನಮ್ಮ ಬೆಂಚುಗಳ ಬೆನ್ನಿಗೆ ಮಾತ್ರ
ಬಂದೂಕು ಆನಿಸಲು ಕೊರೆದ ಕಚ್ಚುಗಳು.
ಈಗ ಅಲ್ಲಿ ಸುಂದರಮ್ಮನ ಊರುಗೋಲು ನಿಲ್ಲುತ್ತದೆ,
ಒಮ್ಮೊಮ್ಮೆ ಯಾವುದೋ ಕೂಸಿನ ಗಿಲಕಿ.

ಗೋಡೆಯ ಬಿಳಿಗಲ್ಲು ನನಗೆ ಬಾಯಿಪಾಠ:
ಕಾಲರಾ, ಒಂದೇ ವಾರ, ಹನ್ನೊಂದು ಹೆಸರು,
ಇಪ್ಪತ್ತು ವರ್ಷ, ಹತ್ತೊಂಬತ್ತು, ಹತ್ತೊಂಬತ್ತು.
ಪಾಪ, ಹುಡುಗರು. ಇಷ್ಟು ದೂರ ಬಂದು.
ಹಗ್ಗ ಎಳೆದವರನ್ನೂ ಹುಡುಕಿದೆ.
ಹಳೆಯ ಲೆಕ್ಕದ ಪುಸ್ತಕದಲ್ಲಿ ಸಿಕ್ಕರು,
"ಪಂಕಾ ಕೂಲಿ, ನಾಲ್ಕು ಆಳು" ಎಂದು.
ಹಗ್ಗದ ಬೆಲೆ ಬೇರೆ ಬರೆದಿದ್ದರು.

ಮೊನ್ನೆ ಕಮಿಟಿ ರಿಪೇರಿ ಹಿಡಿಯಿತು.
ಗಾರೆಯ ಹೊನ್ನೂರಸಾಬ ಏಣಿ ಹಾಕಿದ.
"ಅಕ್ಕಾ, ಈ ತೂತು ಮುಚ್ಚಂತ ಹೇಳ್ಯಾರ,
ಗುಬ್ಬಿ ಗೂಡು ಕಟ್ತಾವಂತ, ಕಸ ಬೀಳ್ತೈತಂತ."
ಹೇಳಬೇಕೆಂದು ಬಾಯಿ ತೆರೆದೆ.
ಎಲ್ಲಿಂದ ಶುರುಮಾಡಲಿ? ಎಮ್ಮೆಯಿಂದಲೇ?
ಅಷ್ಟರಲ್ಲಿ ಅವನು ಬೆರಳು ತೂರಿಸಿ ಒಳಗೆ ಸವರಿದ.
ಇನ್ನೊಮ್ಮೆ ಸವರಿದ.
"ಹಗ್ಗ ಆಡೈತಿ ಇಲ್ಲಿ. ಕಲ್ಲು ನುಣ್ಣಗ ಸವದೈತಿ,
ಸೇದೋ ಬಾವಿ ದಂಡಿ ಇದ್ದಂಗ."
ಕಲಸಿದ ಸಿಮೆಂಟು ಬುಟ್ಟಿಯಲ್ಲಿ ಬಿಗಿಯುತ್ತಿತ್ತು.
ಇಳಿದು ಬಂದು ಅದನ್ನು
ಮೆಟ್ಟಿಲ ಬಿರುಕಿಗೆ ಮೆತ್ತಿದ.
"ಕಮಿಟಿಯವ್ರು ಕೇಳಿದ್ರ?"
"ಮಾಲು ಸಾಲಲಿಲ್ಲಂತ ಹೇಳ್ರಿ."

ಈ ಭಾನುವಾರ ಪ್ರಸಂಗದ ನಡುವೆ ಕರೆಂಟು ಹೋಯಿತು.
ಫ್ಯಾನುಗಳು ಇಷ್ಟಿಷ್ಟೇ ನಿಧಾನವಾಗಿ ನಿಂತವು.
ಜನ ಹಾಡಿನ ಪುಸ್ತಕ ಬೀಸಿಕೊಳ್ಳತೊಡಗಿದರು,
ಪಾದ್ರಿ ಜಯಶೀಲರು ಅಂಗಿಯ ಕಾಲರು ಸಡಿಲಿಸಿದರು.
ನಾನು ಮೆಲ್ಲಗೆ ಎದ್ದು ಹೊರಗೆ ಬಂದು
ಆ ಕಲ್ಲಿನ ಮೇಲೆ ಕೂತೆ.
ಹಾಡು ಇಲ್ಲಿಗೆ ಬೇರೆಯೇ ಆಗಿ ಬರುತ್ತದೆ,
ಅರ್ಧ ಮಾತು ಗೋಡೆಗೇ ಉಳಿದು
ಮಿಕ್ಕಿದ್ದು ಬರೀ ರಾಗ.

ಕಲ್ಲು ಕಾದಿತ್ತು.
ಬಹಳ ಹೊತ್ತು ಕೂರಲಾಗಲಿಲ್ಲ.